ವಲಸಿಗರ ಮಕ್ಕಳು ಮತ್ತು ವಿದ್ಯಾರ್ಥಿವೇತನ: ಹಣ ನೆರವಾಗುವುದು ಎಲ್ಲಿ, ಕಾಗದ ಅಡ್ಡ ಬರುವುದು ಎಲ್ಲಿ

1997ರಲ್ಲಿ ನ್ಯೂಯಾರ್ಕ್ ನಗರದ ಬಡ ಕುಟುಂಬಗಳ ಮಕ್ಕಳಿಗಾಗಿ ಖಾಸಗಿ ದಾನಿಗಳ ಪ್ರತಿಷ್ಠಾನವೊಂದು ಶಾಲಾ ವಿದ್ಯಾರ್ಥಿವೇತನವನ್ನು ಪ್ರಕಟಿಸಿತು. ವರ್ಷಕ್ಕೆ 1,400 ಡಾಲರ್‌ವರೆಗೆ, ಕನಿಷ್ಠ ಮೂರು ವರ್ಷಗಳ ಕಾಲ ಸಿಗುತ್ತಿದ್ದ ಆ ಹಣದಿಂದ ಮಗುವನ್ನು ತಮಗೆ ಬೇಕಾದ ಖಾಸಗಿ ಶಾಲೆಗೆ ಸೇರಿಸಬಹುದಾಗಿತ್ತು. ಹೆಚ್ಚಿನವರು ಆರಿಸಿಕೊಂಡದ್ದು ಕ್ಯಾಥೊಲಿಕ್ ಶಾಲೆಗಳನ್ನು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಅರ್ಜಿಗಳು ಬಂದವು. ಕೊಡಲು ಇದ್ದದ್ದು ಸುಮಾರು 1,300. ಹೀಗಾಗಿ ಚೀಟಿ ಎತ್ತಿ ಹಂಚಿದರು. ದಾನಿಗಳಿಗೆ ಇದು ನ್ಯಾಯದ ಪ್ರಶ್ನೆಯಾಗಿತ್ತು, ಸಂಶೋಧಕರಿಗೆ ಮಾತ್ರ ಅಪರೂಪದ ಅವಕಾಶ. ಚೀಟಿ ಬಂದವರು, ಬಾರದವರು ಎಂಬ ಎರಡು ಗುಂಪುಗಳ ನಡುವೆ ಅದೃಷ್ಟವೊಂದನ್ನು ಬಿಟ್ಟರೆ ಬೇರೆ ವ್ಯತ್ಯಾಸವಿರಲಿಲ್ಲವಾದ್ದರಿಂದ, ಮುಂದೆ ಅವರ ಬದುಕಿನಲ್ಲಿ ಕಾಣುವ ಅಂತರವನ್ನು ನೇರವಾಗಿ ವಿದ್ಯಾರ್ಥಿವೇತನದ ಲೆಕ್ಕಕ್ಕೇ ಬರೆಯಬಹುದಿತ್ತು.

ಆ ಮಕ್ಕಳು ಬೆಳೆದು ಕಾಲೇಜಿನ ವಯಸ್ಸಿಗೆ ಬಂದ ಮೇಲೆ ಮ್ಯಾಥ್ಯೂ ಚಿಂಗೋಸ್ ಮತ್ತು ಪಾಲ್ ಪೀಟರ್ಸನ್ ಎಂಬ ಸಂಶೋಧಕರು ಅವರ ಹೆಸರುಗಳನ್ನು ಕಾಲೇಜು ದಾಖಲಾತಿಗಳ ಜೊತೆ ತಾಳೆ ಹಾಕಿ ನೋಡಿದರು. ಒಟ್ಟಾರೆಯಾಗಿ ಕಾಲೇಜು ಸೇರಿದವರ ಪ್ರಮಾಣದಲ್ಲಾಗಲಿ ಪದವಿ ಪಡೆದವರ ಪ್ರಮಾಣದಲ್ಲಾಗಲಿ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಆದರೆ ಮಕ್ಕಳನ್ನು ತಾಯಿಯ ಜನ್ಮಸ್ಥಳದ ಪ್ರಕಾರ ಬೇರೆ ಮಾಡಿ ನೋಡಿದಾಗ ವಿಚಿತ್ರವಾದ ಚಿತ್ರವೊಂದು ಮೂಡಿತು. ಅಮೆರಿಕದಲ್ಲೇ ಹುಟ್ಟಿದ ತಾಯಂದಿರ ಮಕ್ಕಳಿಗೆ ವಿದ್ಯಾರ್ಥಿವೇತನದಿಂದ ದೊಡ್ಡ ಲಾಭವೇ ಆಗಿತ್ತು. ಹೊರದೇಶದಲ್ಲಿ ಹುಟ್ಟಿ ಬಂದ ತಾಯಂದಿರ ಮಕ್ಕಳಲ್ಲಿ ಲಾಭ ಇಲ್ಲವೆನ್ನುವಷ್ಟು ಕಡಿಮೆ.

ವಲಸಿಗರ ಮಕ್ಕಳಿಗೆ ವಿದ್ಯಾರ್ಥಿವೇತನ ಹೇಗೆ ನೆರವಾಗುತ್ತದೆ ಎಂದು ಬರೆಯಲು ಹೊರಟವರಿಗೆ ಇದು ಇರಿಸುಮುರಿಸಿನ ಫಲಿತಾಂಶ. ಇದನ್ನು ಪಕ್ಕಕ್ಕೆ ತಳ್ಳಿ, ಬಡ ವಲಸಿಗನ ಮಗಳು ವಿದ್ಯಾರ್ಥಿವೇತನ ಪಡೆದು ಡಾಕ್ಟರಾದ ಕಥೆಯನ್ನು ಮುಂದಿಡುವುದು ಸುಲಭ, ಮತ್ತು ಸಾಮಾನ್ಯವಾಗಿ ನಡೆಯುವುದೂ ಅದೇ. ಆದರೆ ಅಂಥ ಕಥೆಗಳಲ್ಲಿ ಒಂದು ದೋಷವಿದೆ. ಪ್ರತಿಭೆಯನ್ನು ಪರೀಕ್ಷಿಸಿ, ಸಂದರ್ಶನ ಮಾಡಿ, ಶಿಕ್ಷಕರ ಶಿಫಾರಸು ಓದಿ ಆರಿಸಿದ ಹುಡುಗಿ ಆ ಹಣವಿಲ್ಲದಿದ್ದರೂ ಮುಂದೆ ಬರುತ್ತಿದ್ದಳೋ ಏನೋ. ಚೀಟಿ ಎತ್ತಿದ ಪ್ರಯೋಗದಲ್ಲಿ ಮಾತ್ರ ಆ ಅನುಮಾನಕ್ಕೆ ಎಡೆಯಿಲ್ಲ. ಆದ್ದರಿಂದ ನ್ಯೂಯಾರ್ಕಿನ ಆ ಫಲಿತಾಂಶವನ್ನು ಒಪ್ಪಿಕೊಂಡು, ಅದು ಹಾಗೇಕೆ ಬಂತು ಎಂದು ಕೇಳುವುದೇ ಸರಿಯಾದ ದಾರಿ.

ನನ್ನ ಓದಿನ ಪ್ರಕಾರ ಉತ್ತರ ಹೀಗಿದೆ. ಊರು ಬಿಟ್ಟು, ಭಾಷೆ ಬಿಟ್ಟು, ನೆಂಟರಿಷ್ಟರನ್ನು ಬಿಟ್ಟು ಬಂದ ತಂದೆತಾಯಿ ಮಕ್ಕಳ ಓದಿನ ವಿಷಯದಲ್ಲಿ ಆಗಲೇ ಪಣ ತೊಟ್ಟಾಗಿರುತ್ತದೆ. ಮಕ್ಕಳಿಗೋಸ್ಕರ ಬಂದೆವು ಎಂಬ ಮಾತು ಅಂಥ ಮನೆಗಳಲ್ಲಿ ಊಟದ ಹೊತ್ತಿಗೆ ದಿನವೂ ಕೇಳಿಬರುತ್ತದೆ. ಅರ್ಥಶಾಸ್ತ್ರಜ್ಞರಾದ ರಾನ್ ಅಬ್ರಾಮಿಟ್ಸ್ಕಿ ಮತ್ತು ಲಿಯಾ ಬೌಸ್ಟನ್ ಒಂದು ಶತಮಾನಕ್ಕೂ ಹೆಚ್ಚಿನ ಅಮೆರಿಕದ ದಾಖಲೆಗಳನ್ನು ಜಾಲಾಡಿ ತೋರಿಸಿರುವಂತೆ, ಸಮಾನ ಬಡತನದ ಮನೆಗಳಲ್ಲಿ ಬೆಳೆದ ಮಕ್ಕಳನ್ನು ಹೋಲಿಸಿದರೆ, ವಲಸಿಗರ ಮಕ್ಕಳು ಸ್ಥಳೀಯರ ಮಕ್ಕಳಿಗಿಂತ ಆರ್ಥಿಕವಾಗಿ ಮೇಲಕ್ಕೇರುತ್ತಾರೆ. ನಾರ್ವೆ, ಇಟಲಿಗಳಿಂದ ಬಂದವರ ಮಕ್ಕಳಿಗೆ ಅಂದು ಸತ್ಯವಾಗಿದ್ದದ್ದು ಗ್ವಾಟೆಮಾಲ, ಭಾರತಗಳಿಂದ ಬಂದವರ ಮಕ್ಕಳಿಗೆ ಇಂದೂ ಸತ್ಯ. ಇದಕ್ಕೆ ಮುಖ್ಯ ಕಾರಣ ಹಂಬಲವೊಂದೇ ಅಲ್ಲ, ಕೆಲಸ ಸಿಗುವ ಊರುಗಳನ್ನೇ ಹುಡುಕಿ ನೆಲೆಸುವ ವಲಸಿಗರ ಜಾಣತನವೂ ಹೌದು ಎಂದು ಅವರು ಹೇಳುತ್ತಾರೆ. ಅಂಥ ಮನೆಯ ಮಗುವಿನಲ್ಲಿ ಓದಿನ ಆಸೆ ಹುಟ್ಟಿಸುವುದಕ್ಕೆ 1,400 ಡಾಲರ್ ಬೇಕಾಗಿರಲಿಲ್ಲ.

ಹಾಗಾದರೆ ಹಣ ಬೇಕಾಗುವುದು ಎಲ್ಲಿ? ಆಸೆ ಇದ್ದೂ ದಾಟಲಾಗದ ಕಡೆ. ವಲಸಿಗ ಮಗುವಿನ ಓದಿನ ಹಾದಿಯಲ್ಲಿ ಇಂಥ ಮೂರು ತಡೆಗಳಿವೆ: ಶುಲ್ಕ, ಅರ್ಜಿ, ಕಾನೂನು. ವಿದ್ಯಾರ್ಥಿವೇತನ ಇವುಗಳಲ್ಲಿ ಯಾವುದರ ಮುಂದೆ ನಿಂತಿದೆ ಎಂಬುದರ ಮೇಲೆ ಅದರ ಫಲ ನಿರ್ಧಾರವಾಗುತ್ತದೆಯೇ ಹೊರತು ಅದರ ಮೊತ್ತದ ಮೇಲಲ್ಲ.

ಶುಲ್ಕದ ವಿಷಯಕ್ಕೆ ನ್ಯೂಯಾರ್ಕಿನದೇ ಹಳೆಯ ಉದಾಹರಣೆಯಿದೆ. 1847ರಲ್ಲಿ ಸ್ಥಾಪನೆಯಾದ ಸಿಟಿ ಕಾಲೇಜು ನಗರದ ಹುಡುಗರಿಗೆ ಬೋಧನಾ ಶುಲ್ಕವಿಲ್ಲದೆ ಕಲಿಸುತ್ತಿತ್ತು. ಪೂರ್ವ ಯುರೋಪಿನಿಂದ ಬಂದ ಯಹೂದಿ ದರ್ಜಿಗಳ, ತಳ್ಳುಗಾಡಿ ವ್ಯಾಪಾರಿಗಳ ಮಕ್ಕಳು ತಲೆಮಾರುಗಟ್ಟಲೆ ಅಲ್ಲಿ ಓದಿದರು. ಜಮೈಕಾದಿಂದ ಬಂದ ದಂಪತಿಗಳ ಮಗ ಕಾಲಿನ್ ಪೊವೆಲ್ 1954ರಲ್ಲಿ ಸೌತ್ ಬ್ರಾಂಕ್ಸ್‌ನ ಮಾರಿಸ್ ಹೈಸ್ಕೂಲು ಮುಗಿಸಿದಾಗ ಅವರಿಗೆ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲೂ ಸೀಟು ಸಿಕ್ಕಿತ್ತು, ಸಿಟಿ ಕಾಲೇಜಿನಲ್ಲೂ ಸಿಕ್ಕಿತ್ತು. ಮೊದಲನೆಯದರ ವರ್ಷದ ಶುಲ್ಕ 750 ಡಾಲರ್, ಎರಡನೆಯದರಲ್ಲಿ ನೆಪಮಾತ್ರಕ್ಕೆ 10 ಡಾಲರ್ ಎಂದು ಅವರೇ ಆತ್ಮಕಥೆಯಲ್ಲಿ ನೆನೆದಿದ್ದಾರೆ. ತಂದೆ ಸಿದ್ಧ ಉಡುಪಿನ ಕಂಪನಿಯೊಂದರಲ್ಲಿ ಸರಕು ಸಾಗಣೆಯ ಗುಮಾಸ್ತ, ತಾಯಿ ಹೊಲಿಗೆ ಕೆಲಸದವರು. ಅಂಥ ಮನೆಯಲ್ಲಿ ಈ ಎರಡು ಅಂಕಿಗಳ ನಡುವೆ ಚರ್ಚೆಗೆ ಅವಕಾಶವೇ ಇರಲಿಲ್ಲ.

ಪೊವೆಲ್ ಮುಂದೆ ಅಮೆರಿಕದ ಸೇನಾ ಮುಖ್ಯಸ್ಥರ ಮಂಡಳಿಯ ಅಧ್ಯಕ್ಷರೂ ವಿದೇಶಾಂಗ ಸಚಿವರೂ ಆದರು ಎಂಬುದು ಎಲ್ಲರಿಗೂ ಗೊತ್ತು. ಇಲ್ಲಿ ಗಮನಿಸಬೇಕಾದದ್ದು ಅದಲ್ಲ. ಅವರು ಓದಿನಲ್ಲಿ ಸಾಧಾರಣ ಹುಡುಗ. ಎಂಜಿನಿಯರಿಂಗ್ ಹಿಡಿಸದೆ ಭೂವಿಜ್ಞಾನಕ್ಕೆ ಬದಲಾಯಿಸಿಕೊಂಡವರು, ಸೈನಿಕ ತರಬೇತಿಯಲ್ಲಿ ಬಂದ ಒಳ್ಳೆಯ ಅಂಕಗಳಿಂದ ಒಟ್ಟು ಸರಾಸರಿಯನ್ನು ಉಳಿಸಿಕೊಂಡು ಪದವಿ ಪಡೆದವರು. ಯಾವ ಪ್ರತಿಭಾ ವಿದ್ಯಾರ್ಥಿವೇತನದ ಸಮಿತಿಯೂ ಅವರನ್ನು ಆರಿಸುತ್ತಿರಲಿಲ್ಲ. ಶುಲ್ಕ ಕಡಿಮೆಯಿದ್ದ ಕಾರಣದಿಂದ ಒಳಗೆ ಬಂದವರು ಅವರು. ಪ್ರತಿಭಾವಂತ ಬಡವನನ್ನು ಹುಡುಕಿ ಹಣ ಕೊಡುವುದಕ್ಕೂ ಬಾಗಿಲನ್ನು ಎಲ್ಲರಿಗೂ ತೆರೆದಿಡುವುದಕ್ಕೂ ಇರುವ ವ್ಯತ್ಯಾಸ ಇದು. ನಗರ ದಿವಾಳಿಯ ಅಂಚಿಗೆ ಬಂದ 1976ರಲ್ಲಿ ಈ ಶುಲ್ಕರಹಿತ ಪದ್ಧತಿ ಕೊನೆಗೊಂಡಿತು. ನಾವು ಇಂದು ವಿದ್ಯಾರ್ಥಿವೇತನಗಳ ಬಗ್ಗೆ ಇಷ್ಟೊಂದು ಮಾತಾಡುತ್ತಿರುವುದಕ್ಕೆ ಇಂಥ ಬಾಗಿಲುಗಳು ಒಂದೊಂದಾಗಿ ಮುಚ್ಚಿದ್ದೂ ಒಂದು ಕಾರಣ.

ಇಂದಿನ ಅಮೆರಿಕದಲ್ಲಿ ಕಾಲೇಜಿನ ಮಟ್ಟದಲ್ಲಿ ಕೊಡುವ ಹಣ ಕೆಲಸ ಮಾಡುತ್ತದೆ ಎಂಬುದಕ್ಕೆ ಗಟ್ಟಿಯಾದ ಪುರಾವೆಯಿದೆ. ವಿಸ್ಕಾನ್ಸಿನ್ ರಾಜ್ಯದಲ್ಲಿ ಬಡ ವಿದ್ಯಾರ್ಥಿಗಳಿಗೆ ಚೀಟಿ ಎತ್ತಿ ವರ್ಷಕ್ಕೆ 3,500 ಡಾಲರ್ ಕೊಟ್ಟಾಗ, ನಾಲ್ಕು ವರ್ಷದಲ್ಲಿ ಪದವಿ ಮುಗಿಸಿದವರ ಪ್ರಮಾಣ ಶೇ. 16ರಿಂದ ಶೇ. 21ಕ್ಕೆ ಏರಿತು. ಆದರೆ ಇದಕ್ಕಿಂತ ಸ್ವಾರಸ್ಯವಾದದ್ದು ಮಿಶಿಗನ್ ವಿಶ್ವವಿದ್ಯಾಲಯದ ಪ್ರಯೋಗ. 2015ರಲ್ಲಿ ಅರ್ಥಶಾಸ್ತ್ರಜ್ಞೆ ಸೂಸನ್ ಡೈನಾರ್ಸ್ಕಿ ಮತ್ತು ಸಂಗಡಿಗರು ಒಳ್ಳೆಯ ಅಂಕಗಳಿದ್ದ ಬಡ ವಿದ್ಯಾರ್ಥಿಗಳ ಮನೆಗೆ ವಿಶ್ವವಿದ್ಯಾಲಯದ ಬಣ್ಣಗಳಲ್ಲಿ ಅಚ್ಚು ಹಾಕಿಸಿದ ದೊಡ್ಡ ಲಕೋಟೆಯೊಂದನ್ನು ಅಂಚೆಯಲ್ಲಿ ಕಳಿಸಿದರು. ಒಳಗಿದ್ದ ಭರವಸೆ ಇಷ್ಟೇ: ನಿನಗೆ ಪ್ರವೇಶ ಸಿಕ್ಕಿದರೆ ನಾಲ್ಕು ವರ್ಷ ಬೋಧನಾ ಶುಲ್ಕವಿಲ್ಲ, ಇದಕ್ಕಾಗಿ ನೀನು ಯಾವ ಆರ್ಥಿಕ ನೆರವಿನ ಫಾರಂ ತುಂಬಬೇಕಾಗಿಯೂ ಇಲ್ಲ. ಈ ವಿದ್ಯಾರ್ಥಿಗಳಲ್ಲಿ ಬಹುಪಾಲು ಜನ ಮಾಮೂಲಿ ದಾರಿಯಲ್ಲಿ ಹೋಗಿದ್ದರೂ ಹೆಚ್ಚುಕಡಿಮೆ ಅಷ್ಟೇ ನೆರವು ಪಡೆಯುತ್ತಿದ್ದರು. ಅಂದರೆ ಹೊಸ ಹಣವೇನೂ ಇರಲಿಲ್ಲ. ಹಣ ಖಂಡಿತ ಎಂಬ ಮಾತನ್ನು ಮೊದಲೇ ಹೇಳಿದ್ದಷ್ಟೇ ಹೊಸತು. ಲಕೋಟೆ ಬಾರದ ಗುಂಪಿನಲ್ಲಿ ಕಾಲು ಭಾಗದಷ್ಟು ಮಂದಿ ಅರ್ಜಿ ಹಾಕಿದರೆ, ಲಕೋಟೆ ಬಂದವರಲ್ಲಿ ಮೂರನೇ ಎರಡರಷ್ಟು ಮಂದಿ ಹಾಕಿದರು. ಸೇರಿದವರ ಪ್ರಮಾಣ ಶೇ. 12ರಿಂದ ಶೇ. 27ಕ್ಕೆ ಜಿಗಿಯಿತು.

ಈ ಎರಡೂ ಪ್ರಯೋಗಗಳು ವಲಸಿಗರಿಗಷ್ಟೇ ಸೀಮಿತವಾಗಿರಲಿಲ್ಲ. ಆದರೂ ಅವು ಹೇಳುವ ಮಾತು ವಲಸಿಗ ಮನೆಗಳಿಗೆ ಇನ್ನಷ್ಟು ಅನ್ವಯಿಸುತ್ತದೆ, ಯಾಕೆಂದರೆ ವ್ಯವಸ್ಥೆಯ ಒಳಗುಟ್ಟು ಗೊತ್ತಿಲ್ಲದಿರುವುದು ಅಲ್ಲೇ ಹೆಚ್ಚು. ಕಾಲೇಜಿನ ಜಾಲತಾಣದಲ್ಲಿ ಪ್ರಕಟವಾಗಿರುವ ಶುಲ್ಕ ಬೇರೆ, ನೆರವು ಕಳೆದು ನಿಜವಾಗಿ ಕಟ್ಟಬೇಕಾದ ಶುಲ್ಕ ಬೇರೆ ಎಂಬ ಸಂಗತಿ, ಅಲ್ಲೇ ಓದಿ ಬೆಳೆದ ತಂದೆಗೆ ಗೊತ್ತಿರುತ್ತದೆ. ಹೋಟೆಲಿನಲ್ಲಿ ಪಾತ್ರೆ ತೊಳೆಯುವ ತಂದೆ ಮೊದಲ ಅಂಕಿಯನ್ನು ನೋಡಿಯೇ ಪುಟ ಮುಚ್ಚುತ್ತಾನೆ.

ಎರಡನೆಯ ತಡೆಯಾದ ಅರ್ಜಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಒಕ್ಕೂಟ ಸರ್ಕಾರದ ನೆರವಿಗೆ ಫಾಫ್ಸಾ ಎಂಬ ಫಾರಂ ತುಂಬಬೇಕು. ಪೆಲ್ ಗ್ರಾಂಟ್ ಎಂಬ ವರ್ಷಕ್ಕೆ ಗರಿಷ್ಠ 7,395 ಡಾಲರಿನ ಸಹಾಯಧನವೂ, ಬಹಳಷ್ಟು ರಾಜ್ಯಗಳ ಮತ್ತು ಕಾಲೇಜುಗಳ ನೆರವೂ ಈ ಫಾರಂ ಮೂಲಕವೇ ಬರುತ್ತವೆ. ತೆರಿಗೆ ಫೈಲು ಮಾಡಿಸಲು ಬಂದ ಬಡ ಕುಟುಂಬಗಳಿಗೆ ಅದೇ ಮೇಜಿನಲ್ಲಿ ಕೆಲವೇ ನಿಮಿಷಗಳಲ್ಲಿ ಈ ಫಾರಂ ತುಂಬಿಕೊಟ್ಟ ಪ್ರಯೋಗವೊಂದು ಓಹಾಯೊ ಮತ್ತು ನಾರ್ತ್ ಕ್ಯಾರೊಲಿನಾಗಳಲ್ಲಿ ನಡೆದಿತ್ತು. ಅಷ್ಟು ಮಾಡಿದ್ದಕ್ಕೇ, ಹೈಸ್ಕೂಲು ಮುಗಿಸಿದ ಮಕ್ಕಳಲ್ಲಿ ಕಾಲೇಜಿನ ಎರಡು ವರ್ಷ ಪೂರೈಸಿದವರ ಪ್ರಮಾಣ ಶೇ. 28ರಿಂದ ಶೇ. 36ಕ್ಕೆ ಏರಿತ್ತು. ಹಣ ಅಷ್ಟೇ ಇತ್ತು, ಕೈಹಿಡಿದು ಬರೆಸುವವರು ಬೇಕಾಗಿತ್ತು.

ಈ ಪಾಠ ಗೊತ್ತಿದ್ದೂ ನಡೆದ ಎಡವಟ್ಟು 2024ರದು. ಫಾರಂ ಅನ್ನು ಸರಳಗೊಳಿಸುವ ಉದ್ದೇಶದಿಂದ ಹೊಸದಾಗಿ ರೂಪಿಸಿ 2023ರ ಡಿಸೆಂಬರ್ ಕೊನೆಯಲ್ಲಿ ಜಾಲತಾಣಕ್ಕೆ ಏರಿಸಿದರು. ಹೊಸ ವಿಧಾನದಲ್ಲಿ ತಂದೆ ಅಥವಾ ತಾಯಿ ತಮ್ಮದೇ ಖಾತೆ ತೆರೆದು ತೆರಿಗೆ ವಿವರ ಪಡೆಯಲು ಒಪ್ಪಿಗೆ ಕೊಡಬೇಕಿತ್ತು. ಅಮೆರಿಕದಲ್ಲೇ ಹುಟ್ಟಿ ಪೌರತ್ವವಿರುವ ಮಗ ತನ್ನ ಭಾಗವನ್ನು ತುಂಬಿ ಲ್ಯಾಪ್‌ಟಾಪನ್ನು ತಾಯಿಯ ಕಡೆ ತಿರುಗಿಸುತ್ತಾನೆ. ತಾಯಿಗೆ ಸೋಶಿಯಲ್ ಸೆಕ್ಯುರಿಟಿ ಸಂಖ್ಯೆ, ಅಂದರೆ ಅಲ್ಲಿನ ಸರ್ಕಾರ ಕೊಡುವ ಒಂಬತ್ತು ಅಂಕಿಗಳ ಗುರುತಿನ ಸಂಖ್ಯೆ, ಇಲ್ಲ. ಪರದೆ ಮುಂದಿನ ಪುಟಕ್ಕೆ ಹೋಗಲು ಬಿಡುವುದಿಲ್ಲ. ಮತ್ತೆ ಪ್ರಯತ್ನಿಸುತ್ತಾರೆ, ಸಹಾಯವಾಣಿಗೆ ಕರೆ ಮಾಡುತ್ತಾರೆ, ಇಂಗ್ಲಿಷಿನಲ್ಲಿ ಬಂದ ಉತ್ತರವನ್ನು ಮಗನೇ ತಾಯಿಗೆ ಅನುವಾದಿಸಿ ಹೇಳುತ್ತಾನೆ. ಹಲವು ವಾರಗಳ ಕಾಲ ಇಂಥ ಕುಟುಂಬಗಳಿಗೆ ಫಾರಂ ಮುಗಿಸಲು ದಾರಿಯೇ ಇರಲಿಲ್ಲ. ಸರಿಯಾದ ದುರಸ್ತಿ ಆಗುವ ಹೊತ್ತಿಗೆ ಮಾರ್ಚ್ ಬಂದಿತ್ತು, ಮೊದಲು ಬಂದವರಿಗೆ ಮೊದಲು ಎಂದು ಹಣ ಹಂಚುವ ಕಡೆಗಳಲ್ಲಿ ಸರದಿ ಮುಂದೆ ಸರಿದಿತ್ತು. ಕಾನೂನಿನ ಪ್ರಕಾರ ಆ ಹುಡುಗ ಪೂರ್ತಿ ಅರ್ಹ. ಅವನನ್ನು ತಡೆದದ್ದು ತಾಯಿಯ ಬಳಿ ಇಲ್ಲದ ಒಂಬತ್ತು ಅಂಕಿಗಳು. ಇದರ ಮೇಲೆ, ತಾಯಿಯ ಹೆಸರು, ವಿಳಾಸಗಳನ್ನು ಸರ್ಕಾರದ ಕಡತಕ್ಕೆ ಒಪ್ಪಿಸುವುದು ಕ್ಷೇಮವೇ ಎಂಬ ಭಯ ಈಗ ಇನ್ನಷ್ಟು ಬೆಳೆದಿದೆ.

ಮೂರನೆಯ ತಡೆ ಕಾನೂನು. ಇದರ ಕಥೆ ಶುರುವಾಗುವುದು ಪೂರ್ವ ಟೆಕ್ಸಸ್‌ನ ಟೈಲರ್ ಎಂಬ, ಗುಲಾಬಿ ಬೆಳೆಗೆ ಹೆಸರಾದ ಊರಿನಲ್ಲಿ. 1977ರಲ್ಲಿ ಅಲ್ಲಿನ ಶಾಲಾ ಆಡಳಿತ, ದಾಖಲೆಯಿಲ್ಲದ ವಲಸಿಗರ ಪ್ರತಿ ಮಗುವೂ ಸರ್ಕಾರಿ ಶಾಲೆಯಲ್ಲಿ ಕಲಿಯಲು ವರ್ಷಕ್ಕೆ 1,000 ಡಾಲರ್ ಕಟ್ಟಬೇಕೆಂದು ಆದೇಶಿಸಿತು. ಕೆಲವು ಮೆಕ್ಸಿಕನ್ ಕುಟುಂಬಗಳು ಕೋರ್ಟಿಗೆ ಹೋದವು. ಜನರ ಕಣ್ಣಿಗೆ ಬೀಳದಿರಲೆಂದು ನ್ಯಾಯಾಧೀಶರು ವಿಚಾರಣೆಯನ್ನು ನಸುಕಿನಲ್ಲೇ ಇಟ್ಟರು. ಅಲ್ಲಿಂದಲೇ ಗಡೀಪಾರು ಮಾಡಿದರೆ ಎಂಬ ಅಂಜಿಕೆಯಿಂದ ಕುಟುಂಬಗಳು ಪಾತ್ರೆಪಗಡೆ, ಬಟ್ಟೆಬರೆಗಳನ್ನೆಲ್ಲ ಕಾರಿನಲ್ಲಿ ತುಂಬಿಕೊಂಡೇ ಬಂದಿದ್ದವು. 1982ರ ಜೂನ್ 15ರಂದು ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ ಮಕ್ಕಳ ಪರವಾಗಿ ತೀರ್ಪು ಕೊಟ್ಟಿತು. ಪ್ಲೈಲರ್ ತೀರ್ಪು ಎಂದೇ ಹೆಸರಾದ ಇದರಿಂದಾಗಿ ಹನ್ನೆರಡನೇ ತರಗತಿಯವರೆಗಿನ ಬಾಗಿಲು ತೆರೆಯಿತು.

ಹನ್ನೆರಡು ಮುಗಿದ ಮರುದಿನ ಮಾತ್ರ ಅದೇ ಮಗು ಬೇರೆಯ ವ್ಯಕ್ತಿಯಾಗುತ್ತದೆ. ಒಕ್ಕೂಟ ಸರ್ಕಾರದ ನೆರವು ಮುಖ್ಯವಾಗಿ ಪೌರರಿಗೆ, ಗ್ರೀನ್‌ಕಾರ್ಡ್ ಇರುವವರಿಗೆ ಮಾತ್ರ. ಉಳಿದದ್ದು ಆಯಾ ರಾಜ್ಯದ ಮರ್ಜಿ. 2001ರಲ್ಲಿ ಟೆಕ್ಸಸ್ ಈ ಕಂದಕಕ್ಕೆ ಮೊದಲ ಸೇತುವೆ ಕಟ್ಟಿತು: ರಾಜ್ಯದ ಹೈಸ್ಕೂಲಿನಲ್ಲಿ ಓದಿ ತೇರ್ಗಡೆಯಾದ, ಮೂರು ವರ್ಷ ರಾಜ್ಯದಲ್ಲಿದ್ದ ವಿದ್ಯಾರ್ಥಿಗೆ, ವಲಸೆಯ ದಾಖಲೆ ಏನೇ ಇರಲಿ, ಸರ್ಕಾರಿ ಕಾಲೇಜುಗಳಲ್ಲಿ ರಾಜ್ಯದವರು ಕಟ್ಟುವ ಕಡಿಮೆ ಶುಲ್ಕವೇ ಸಾಕು ಎಂಬ ಕಾನೂನಿಗೆ ರಿಪಬ್ಲಿಕನ್ ರಾಜ್ಯಪಾಲ ರಿಕ್ ಪೆರಿ ಸಹಿ ಹಾಕಿದರು. ಅದೇ ವರ್ಷ ಕ್ಯಾಲಿಫೋರ್ನಿಯವೂ ಇಂಥದೇ ಕಾನೂನು ತಂದಿತು. ಇದರ ಬೆಲೆ ತಿಳಿಯಬೇಕಾದರೆ ಒಂದು ಅಂಕಿ ಸಾಕು: ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಲ್ಲಿ ಹೊರಗಿನವರು ಮಾಮೂಲಿ ಶುಲ್ಕದ ಮೇಲೆ ವರ್ಷಕ್ಕೆ 34 ಸಾವಿರ ಡಾಲರಿಗಿಂತ ಹೆಚ್ಚು ಕಟ್ಟಬೇಕು. ಯಾವ ಸಂಘಸಂಸ್ಥೆಯ ವಿದ್ಯಾರ್ಥಿವೇತನವೂ ಇದನ್ನು ಸರಿದೂಗಿಸುವಷ್ಟು ದೊಡ್ಡದಲ್ಲ. ಹಾಗಾಗಿ ಈ ಕಾನೂನೇ ಅತಿ ದೊಡ್ಡ ವಿದ್ಯಾರ್ಥಿವೇತನ, ಆ ಹೆಸರಿಲ್ಲ ಅಷ್ಟೆ.

2025ರ ಜೂನ್ 4ರಂದು ಒಕ್ಕೂಟ ಸರ್ಕಾರ ಟೆಕ್ಸಸ್ ಮೇಲೆ ಮೊಕದ್ದಮೆ ಹೂಡಿತು, ಟೆಕ್ಸಸ್ ಅದೇ ದಿನ ಒಪ್ಪಿಕೊಂಡಿತು, ಅದೇ ದಿನ ನ್ಯಾಯಾಧೀಶರ ಆದೇಶವೂ ಬಂತು. 24 ವರ್ಷ ಬಾಳಿದ ಕಾನೂನು ಒಂದು ದಿನದಲ್ಲಿ, ಎದುರುವಾದಿಯೇ ಇಲ್ಲದೆ ಮುಗಿಯಿತು. ಆಮೇಲೆ ಕೆಂಟಕಿ, ಮಿನೆಸೋಟ, ಒಕ್ಲಹೋಮಗಳ ಮೇಲೂ ಇಂಥವೇ ಮೊಕದ್ದಮೆಗಳು ಬಂದವು. ಪದವಿಯ ನಡುವಿನಲ್ಲಿದ್ದ ವಿದ್ಯಾರ್ಥಿಗಳಿಗೆ ಇದು ಆಗಸ್ಟಿನ ಶುಲ್ಕದ ಚೀಟಿಯಲ್ಲಿ ಬದಲಾದ ಅಂಕಿಯಾಗಿ ತಲುಪಿತು.

ಶುಲ್ಕ ಕಡಿತವೊಂದರಿಂದಲೇ ಎಲ್ಲವೂ ಸರಿಯಾಗುತ್ತಿತ್ತು ಎಂದೇನೂ ಅಲ್ಲ. ಇಂಥ ಕಾನೂನುಗಳ ಪರಿಣಾಮವನ್ನು ಅಳೆದ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ನೀರಜ್ ಕೌಶಲ್ ಎಂಬ ಅರ್ಥಶಾಸ್ತ್ರಜ್ಞೆ ಮೆಕ್ಸಿಕನ್ ಯುವಜನರ ಕಾಲೇಜು ದಾಖಲಾತಿಯಲ್ಲಿ ಗಮನಾರ್ಹ ಏರಿಕೆಯನ್ನು ಕಂಡರು. ಏಮಿ ಚಿನ್ ಮತ್ತು ಚಿನ್ಹುಯಿ ಜುನ್ ಅಂಥ ಪರಿಣಾಮವನ್ನು ಕಾಣಲಿಲ್ಲ. ಪದವಿ ಪಡೆದರೂ ಕೆಲಸ ಮಾಡಲು ಅನುಮತಿಯಿಲ್ಲದಿದ್ದರೆ ಪದವಿಯಿಂದೇನು ಎಂದು ಹದಿನೇಳರ ಹುಡುಗನಿಗೆ ಅನ್ನಿಸುವುದು ಸಹಜ. ಇದಕ್ಕೆ ಬಲವಾದ ಸಾಕ್ಷ್ಯ ಒದಗಿಸಿದ್ದು ಡಾಕಾ ಎಂಬ ಕಾರ್ಯಕ್ರಮ. ಮಕ್ಕಳಾಗಿ ಬಂದ ದಾಖಲೆರಹಿತರಿಗೆ ಗಡೀಪಾರಿನಿಂದ ತಾತ್ಕಾಲಿಕ ರಕ್ಷಣೆಯನ್ನೂ ಕೆಲಸದ ಪರವಾನಗಿಯನ್ನೂ ಕೊಟ್ಟ ಇದನ್ನು ಅಧ್ಯಕ್ಷ ಒಬಾಮ ಪ್ರಕಟಿಸಿದ್ದು 2012ರ ಜೂನ್ 15ರಂದು, ಪ್ಲೈಲರ್ ತೀರ್ಪಿನ ಮೂವತ್ತನೇ ವರ್ಷದ ದಿನ. ಇದರಿಂದ ಒಂದು ರೂಪಾಯಿಯೂ ಯಾರ ಕೈಗೂ ಬರಲಿಲ್ಲ. ಆದರೂ ಹೈಸ್ಕೂಲು ಮುಗಿಸುವುದರಲ್ಲಿ ಪೌರರಿಗೂ ಪೌರರಲ್ಲದವರಿಗೂ ಇದ್ದ ಅಂತರ ಶೇ. 40ರಷ್ಟು ಕಡಿಮೆಯಾಯಿತೆಂದು ಎಲಿರಾ ಕುಕಾ ಮತ್ತು ಸಂಗಡಿಗರ ಅಧ್ಯಯನ ತೋರಿಸಿದೆ. ಓದಿನ ಆಚೆ ದಡ ಕಾಣಿಸಿದರೆ ಮಕ್ಕಳು ಈಜುತ್ತಾರೆ.

ಇಲ್ಲಿಯವರೆಗಿನ ಮಾತು ಗಡಿ ದಾಟಿ ಬಂದವರದು, ನಮ್ಮವರದಲ್ಲ ಎಂದು ಓದುತ್ತಿರುವ ಕನ್ನಡಿಗರಿಗೆ ಅನ್ನಿಸಿರಬಹುದು. ಆದರೆ ಸನ್ನಿವೇಲ್, ಫ್ರಿಸ್ಕೊ, ಎಡಿಸನ್‌ಗಳಂಥ ಊರುಗಳಲ್ಲಿ ವಾರಾಂತ್ಯದ ಕನ್ನಡ ತರಗತಿಗೆ ಹೋಗುವ ಮಕ್ಕಳಲ್ಲೂ ಇದೇ ತಡೆಯ ಮುಂದೆ ನಿಲ್ಲುವವರಿದ್ದಾರೆ. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ತಂದೆ ಎಚ್-1ಬಿ ವೀಸಾದ ಎಂಜಿನಿಯರ್. 2013ರಲ್ಲಿ ಹುಬ್ಬಳ್ಳಿಯಿಂದ ಹೊರಟಾಗ ಮಗಳಿಗೆ ಐದು ವರ್ಷ. ಅವಳದು ತಂದೆಯನ್ನು ಅವಲಂಬಿಸಿದ ಎಚ್-4 ವೀಸಾ. ಕಂಪನಿ 2015ರಲ್ಲಿ ಗ್ರೀನ್‌ಕಾರ್ಡಿನ ಪ್ರಕ್ರಿಯೆ ಶುರು ಮಾಡಿದೆ. ಉದ್ಯೋಗದ ಆಧಾರದ ಮೇಲೆ ವರ್ಷಕ್ಕೆ ಸಿಗುವ ಸುಮಾರು 1,40,000 ಗ್ರೀನ್‌ಕಾರ್ಡುಗಳಲ್ಲಿ ಯಾವ ಒಂದು ದೇಶಕ್ಕೂ ಶೇ. 7ಕ್ಕಿಂತ ಹೆಚ್ಚು ಹೋಗಬಾರದೆಂಬ ನಿಯಮದಿಂದಾಗಿ ಭಾರತೀಯರ ಸರದಿ ಹನುಮಂತನ ಬಾಲವಾಗಿದೆ. 2025ರಲ್ಲಿ, ಉನ್ನತ ಪದವಿಯವರ ಇಬಿ-2 ವರ್ಗದಲ್ಲಿ ಸರದಿ ಬಂದದ್ದು 2013ರ ಆರಂಭದಲ್ಲಿ ಅರ್ಜಿ ಶುರು ಮಾಡಿದವರಿಗೆ. ಮಗಳಿಗೆ 21 ತುಂಬುವುದರೊಳಗೆ ತಂದೆಯ ಸರದಿ ಬಾರದಿದ್ದರೆ ಅವಳು ಅವಲಂಬಿತೆಯ ಪಟ್ಟಿಯಿಂದ ಹೊರಬೀಳುತ್ತಾಳೆ. ಆ ವಯಸ್ಸನ್ನು ಲೆಕ್ಕಹಾಕುವ ವಿಧಾನವನ್ನು 2025ರ ಆಗಸ್ಟ್ 15ರಿಂದ ಮತ್ತೆ ಬಿಗಿ ಮಾಡಿದ್ದಾರೆ.

ಈ ಹುಡುಗಿಗೆ ಫಾಫ್ಸಾ ನೆರವಿಲ್ಲ, ಪೆಲ್ ಗ್ರಾಂಟ್ ಇಲ್ಲ. ಡಾಕಾ ಕೂಡ ಇಲ್ಲ, ಯಾಕೆಂದರೆ ಅದಕ್ಕೆ ಅರ್ಹರಾಗಲು 2012ರ ಆ ದಿನದಂದು ಅಮೆರಿಕದಲ್ಲೇ, ಕಾನೂನುಬದ್ಧ ದಾಖಲೆ ಇಲ್ಲದೆ ಇರಬೇಕಿತ್ತು. ದೇಶದ ಅತ್ಯಂತ ಹೆಸರಾದ ಪ್ರತಿಭಾ ವಿದ್ಯಾರ್ಥಿವೇತನಗಳಲ್ಲಿ ಒಂದಾದ ನ್ಯಾಷನಲ್ ಮೆರಿಟ್‌ಗೂ ಪೌರತ್ವವೋ ಗ್ರೀನ್‌ಕಾರ್ಡೋ, ಕಡೇಪಕ್ಷ ಗ್ರೀನ್‌ಕಾರ್ಡಿಗೆ ಕೊನೆಯ ಹಂತದ ಅರ್ಜಿಯೋ ಬೇಕು. ಎಚ್-4 ಮಕ್ಕಳಿಗೆ ಕೆಲಸದ ಪರವಾನಗಿ ಇಲ್ಲದ ಕಾರಣ, ಸಹಪಾಠಿಗಳು ಬೇಸಿಗೆಯಲ್ಲಿ ಐಸ್‌ಕ್ರೀಂ ಅಂಗಡಿಯಲ್ಲಿ ದುಡಿದು ಪುಸ್ತಕದ ಖರ್ಚು ತೆಗೆಯುವಾಗ ಅವಳು ಮನೆಯಲ್ಲಿ ಕೂರಬೇಕು. ಇಪ್ಪತ್ತೊಂದಾದ ಮೇಲೆ ಉಳಿಯಬೇಕೆಂದರೆ ವಿದೇಶಿ ವಿದ್ಯಾರ್ಥಿಯ ಎಫ್-1 ವೀಸಾ. ಅಲ್ಲಿಗೆ ಹಲವು ರಾಜ್ಯಗಳಲ್ಲಿ ಹೊರಗಿನವರ ಶುಲ್ಕ. ಒಂದನೇ ತರಗತಿಯಿಂದ ಅಲ್ಲೇ ಓದಿದ ಹುಡುಗಿ ಮೂರನೇ ವರ್ಷದ ಪದವಿಯಲ್ಲಿ ದಿಢೀರನೆ ವಿದೇಶಿಯಾಗುತ್ತಾಳೆ. ಇಂಥ ಮಕ್ಕಳಿಗಾಗಿ 2021ರಲ್ಲೂ 2023ರಲ್ಲೂ ಅಮೆರಿಕಾಸ್ ಚಿಲ್ಡ್ರನ್ ಆ್ಯಕ್ಟ್ ಎಂಬ ಮಸೂದೆ ಮಂಡನೆಯಾಯಿತು. ಎರಡು ಸಲವೂ ಮುಂದೆ ಹೋಗಲಿಲ್ಲ. ಪೌರತ್ವ ಕೇಳದೆ ಪ್ರವೇಶ ಕೊಟ್ಟು, ಅಗತ್ಯವಿದ್ದಷ್ಟೂ ನೆರವು ಕೊಡುವ ಹಾರ್ವರ್ಡ್, ಪ್ರಿನ್ಸ್‌ಟನ್, ಎಂಐಟಿಯಂಥ ಕೆಲವು ಸಂಸ್ಥೆಗಳಿವೆ ನಿಜ, ಆದರೆ ಅಲ್ಲಿ ಸೀಟು ಸಿಗುವುದು ನೂರರಲ್ಲಿ ಕೆಲವರಿಗೆ.

ಎಂಜಿನಿಯರನ ಮಗಳ ಕಷ್ಟವನ್ನೂ ತೋಟದ ಕೂಲಿಯ ಮಗನ ಕಷ್ಟವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನನ್ನ ಉದ್ದೇಶವಲ್ಲ. ಮೊದಲನೆಯವಳ ಮನೆಯಲ್ಲಿ ಸಂಬಳವಿದೆ, ಪುಸ್ತಕಗಳಿವೆ, ಬೇಕಾದರೆ ಬೆಂಗಳೂರಿಗೆ ಮರಳುವ ದಾರಿಯೂ ಇದೆ. ಆದರೆ ಇಬ್ಬರನ್ನೂ ತಡೆಯುವ ನಿಯಮದ ಸ್ವರೂಪ ಒಂದೇ: ಮಗು ಎಲ್ಲಿ ಓದಿತು ಎಂದು ಕೇಳದೆ, ತಂದೆತಾಯಿಯ ಕಡತ ಎಲ್ಲಿಗೆ ಬಂದಿದೆ ಎಂದು ಕೇಳುವ ನಿಯಮ.

ಈ ನಿಯಮಕ್ಕೆ ದೇಶದ ಗಡಿಯೇ ಆಗಬೇಕೆಂದಿಲ್ಲ. ಪರಿಶಿಷ್ಟ ಜಾತಿ, ಪಂಗಡದ ಸ್ಥಾನಮಾನ ಒಂದು ರಾಜ್ಯದಿಂದ ಇನ್ನೊಂದಕ್ಕೆ ವಲಸೆಗಾರರ ಜೊತೆ ಬರುವುದಿಲ್ಲ ಎಂದು ನಮ್ಮ ಸುಪ್ರೀಂ ಕೋರ್ಟ್ 1990ರಲ್ಲಿ ಮರ್ರಿ ಚಂದ್ರಶೇಖರ ರಾವ್ ಪ್ರಕರಣದಲ್ಲಿ ಹೇಳಿದೆ. ಹಾಗಾಗಿ ಒಡಿಶಾದಿಂದಲೋ ಆಂಧ್ರದಿಂದಲೋ ಬಂದು ಬೆಂಗಳೂರಿನ ಶೆಡ್ಡುಗಳಲ್ಲಿ ಬದುಕುವ ಕಾರ್ಮಿಕರ ಮಗುವಿಗೆ ಇಲ್ಲಿನ ಜಾತಿ ಪ್ರಮಾಣಪತ್ರದ ಆಧಾರದ ವಿದ್ಯಾರ್ಥಿವೇತನ ಸುಲಭಕ್ಕೆ ಎಟುಕುವುದಿಲ್ಲ. ಯಾದಗಿರಿಯಿಂದ ಬಂದ ಗಾರೆ ಕೆಲಸದವನ ಮಗು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಶೈಕ್ಷಣಿಕ ಸಹಾಯಧನ ಪಡೆಯಬೇಕಾದರೆ ಅಪ್ಪನ ಬಳಿ ಕಾರ್ಮಿಕ ಕಾರ್ಡು ಇರಬೇಕು, ಕಾರ್ಡಿಗೆ ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ದುಡಿದಿದ್ದಾನೆಂಬ ದೃಢೀಕರಣ ಬೇಕು. ವಾರಕ್ಕೊಬ್ಬ ಮೇಸ್ತ್ರಿಯ ಕೈಕೆಳಗೆ ದುಡಿಯುವವನಿಗೆ ಆ ಸಹಿಯನ್ನು ಯಾರು ಹಾಕಿಕೊಡುತ್ತಾರೆ?

ಹಣ ಸಿಕ್ಕ ಮೇಲಿನ ತೊಡಕುಗಳೂ ಇವೆ, ಅವು ಸುದ್ದಿಯಾಗುವುದು ಕಡಿಮೆ. ಅಮೆರಿಕದಲ್ಲಿ ಸಮುದಾಯದ ಸಂಘವೊಂದು ವಿದ್ಯಾರ್ಥಿಗೆ 2,000 ಡಾಲರ್ ಕೊಟ್ಟರೆ, ಕಾಲೇಜು ತಾನು ಕೊಡುತ್ತಿದ್ದ ನೆರವಿನಲ್ಲಿ ಅಷ್ಟನ್ನೇ ಕಡಿತ ಮಾಡುವ ಪದ್ಧತಿ ಬಹಳ ಕಡೆ ಇದೆ. ಸನ್ಮಾನ ಸಮಾರಂಭದಲ್ಲಿ ಹಾರ ಹಾಕಿಸಿಕೊಂಡ ಹುಡುಗನ ಜೇಬಿಗೆ ಕಡೆಗೆ ಒಂದು ಡಾಲರೂ ಹೆಚ್ಚು ಬರುವುದಿಲ್ಲ. ಸಂಘದ ದಾನ ಪರೋಕ್ಷವಾಗಿ ಕಾಲೇಜಿಗೆ ಸಂದಿರುತ್ತದೆ. 2017ರಲ್ಲಿ ಮೇರಿಲ್ಯಾಂಡ್ ತನ್ನ ಸರ್ಕಾರಿ ಕಾಲೇಜುಗಳಲ್ಲಿ ಇದನ್ನು ನಿರ್ಬಂಧಿಸಿದ ಮೊದಲ ರಾಜ್ಯವಾಯಿತು. ದಾನ ಕೊಡುವ ಸಂಘಗಳವರು, ಅದರಲ್ಲೂ ನಮ್ಮ ಕನ್ನಡ ಕೂಟಗಳವರು, ಚೆಕ್ ಬರೆಯುವ ಮೊದಲು ಆಯಾ ಕಾಲೇಜಿನ ನಿಯಮವನ್ನು ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಇನ್ನು ಹಣದ ಜೊತೆಗೆ ಬೇಕಾದ ಆಸರೆ. ನ್ಯೂಯಾರ್ಕಿನಲ್ಲಿ 1978ರಲ್ಲಿ ಆರಂಭವಾದ ಪ್ರೆಪ್ ಫಾರ್ ಪ್ರೆಪ್ ಎಂಬ ಸಂಸ್ಥೆ ಸರ್ಕಾರಿ ಶಾಲೆಗಳ ಮಕ್ಕಳನ್ನು ಆರಿಸಿ ದುಬಾರಿ ಖಾಸಗಿ ಶಾಲೆಗಳಿಗೆ ವಿದ್ಯಾರ್ಥಿವೇತನದ ಮೇಲೆ ಕಳಿಸುತ್ತದೆ. ಆದರೆ ಕಳಿಸುವ ಮುನ್ನ 14 ತಿಂಗಳು, ಎರಡು ಪೂರ್ತಿ ಬೇಸಿಗೆಗಳು ಮತ್ತು ನಡುವಿನ ಶನಿವಾರಗಳನ್ನೂ ಸೇರಿಸಿ, ತಯಾರಿ ಮಾಡಿಸುತ್ತದೆ; ಸೇರಿದ ಮೇಲೂ ಬೆನ್ನಿಗಿರುತ್ತದೆ. ನಮ್ಮ ಹಿರಿಯರಿಗೆ ಇದು ಹೊಸ ವಿಷಯವಲ್ಲ. ಹಳ್ಳಿಯಿಂದ ಪಟ್ಟಣಕ್ಕೆ ಓದಲು ಬಂದ ಹುಡುಗನಿಗೆ ಶಾಲೆಯ ಫೀಸು ಮಾಫಿಯಾದರೆ ಸಾಲದು, ರಾತ್ರಿ ಮಲಗಲು ಜಾಗ, ಎರಡು ಹೊತ್ತು ಊಟ ಬೇಕು ಎಂದು ತಿಳಿದೇ ವಾರಾನ್ನದ ಮನೆಗಳು, ಮಠಗಳ ದಾಸೋಹ, ಆಯಾ ಸಮುದಾಯದ ವಿದ್ಯಾರ್ಥಿ ನಿಲಯಗಳು ಹುಟ್ಟಿಕೊಂಡವು. ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ತಲೆ ತಗ್ಗಿಸಿ ಉಂಡ ಹುಡುಗನ ಮುಜುಗರವನ್ನು ಮರೆತು ಆ ಪದ್ಧತಿಯನ್ನು ಹೊಗಳಬೇಕಾಗಿಲ್ಲ. ಆದರೂ ವಿದ್ಯಾರ್ಥಿವೇತನವೆಂದರೆ ಬ್ಯಾಂಕ್ ಖಾತೆಗೆ ಬೀಳುವ ಮೊತ್ತ ಮಾತ್ರ ಎಂಬ ಈಗಿನ ತಿಳಿವಳಿಕೆಗಿಂತ ಅದು ಹುಡುಗನ ದಿನಚರಿಗೆ ಹತ್ತಿರವಾಗಿತ್ತು.

ತಡೆಗಳನ್ನೆಲ್ಲ ಒಟ್ಟಿಗೇ ದಾಟಿಸಲು ಯತ್ನಿಸಿದ ಒಂದು ಯೋಜನೆ ಮಿಶಿಗನ್ ರಾಜ್ಯದ ಕಲಮಜೂ ನಗರದಲ್ಲಿದೆ. 2005ರಲ್ಲಿ, ಇಂದಿಗೂ ಹೆಸರು ಹೇಳಿಕೊಳ್ಳದ ದಾನಿಗಳು, ನಗರದ ಸರ್ಕಾರಿ ಶಾಲೆಗಳಲ್ಲಿ ಓದಿ ತೇರ್ಗಡೆಯಾದ ಪ್ರತಿಯೊಬ್ಬರ ಕಾಲೇಜು ಶುಲ್ಕವನ್ನೂ ಭರಿಸುವುದಾಗಿ ಘೋಷಿಸಿದರು. ಅಂಕದ ಮಿತಿಯಿಲ್ಲ, ಆದಾಯದ ಮಿತಿಯಿಲ್ಲ. ಲೆಕ್ಕಕ್ಕೆ ಬರುವುದು ಎಷ್ಟು ವರ್ಷ ಆ ಶಾಲೆಗಳಲ್ಲಿ ಓದಿದರು ಎಂಬುದೊಂದೇ: ಶಿಶುವಿಹಾರದಿಂದ ಇದ್ದವರಿಗೆ ಪೂರ್ತಿ ಶುಲ್ಕ, ಒಂಬತ್ತನೇ ತರಗತಿಗೆ ಸೇರಿದವರಿಗೆ ಶೇ. 65. ಬೇರೆ ನೆರವಿನ ಲೆಕ್ಕ ನೋಡಿ ಇದನ್ನು ಕಡಿಮೆ ಮಾಡುವುದೂ ಇಲ್ಲ. ಆರು ವರ್ಷದೊಳಗೆ ಪದವಿಯನ್ನೋ ಬೇರೊಂದು ಪ್ರಮಾಣಪತ್ರವನ್ನೋ ಪಡೆದವರ ಪ್ರಮಾಣ ಇದರಿಂದ ಸುಮಾರು ಮೂರನೇ ಒಂದರಷ್ಟು ಹೆಚ್ಚಿತೆಂದು ಟಿಮ್ ಬಾರ್ಟಿಕ್ ಮತ್ತು ಸಂಗಡಿಗರು ಅಂದಾಜು ಮಾಡಿದ್ದಾರೆ. ಮೊತ್ತ ಮೊದಲೇ ಗೊತ್ತು, ಅರ್ಜಿ ಚಿಕ್ಕದು, ಕೇಳುವುದು ಶಾಲೆಯ ಹಾಜರಿಯನ್ನು. ಆದರೆ ಇಲ್ಲೂ ಒಂದು ಗೆರೆಯಿದೆ. ಹತ್ತನೇ ತರಗತಿಗೋ ಅದರಾಚೆಗೋ ಬಂದು ಸೇರಿದವರಿಗೆ ಏನೂ ಸಿಗುವುದಿಲ್ಲ. ಹದಿನಾರನೇ ವಯಸ್ಸಿನಲ್ಲಿ, ಭಾಷೆ ಬಾರದೆ, ಊರು ಬಿಟ್ಟು ಬರುವ ಮಕ್ಕಳು ಹೆಚ್ಚಾಗಿ ಸೇರುವುದು ಆ ತರಗತಿಗಳಿಗೇ.